ಚಕ್ರಪಾಣಿಯ ಐವತ್ತು ಬಸ್ಕಿ

ವಿಜಯನಗರದಲ್ಲಿ ಗೋಪೀನಾಥ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶದ ದಿನ, ಎರಡನೇ ಪಂಕ್ತಿಯ ಊಟ ಮುಗಿದು ಎಲ್ಲರೂ ಕೈ ತೊಳೆಯಲು ಎದ್ದರು. ಚಕ್ರಪಾಣಿ ಏಳಲಿಲ್ಲ. ಏಳಬಾರದೆಂಬ ಹಟವೇನೂ ಅವನಿಗಿರಲಿಲ್ಲ. ಎರಡು ಸಲ ಪ್ರಯತ್ನಿಸಿದ. ಸೊಂಟ ನೆಲದಿಂದ ಒಂದು ಗೇಣು ಮೇಲೇರಿತು, ಮಂಡಿಗಳು ಚಟಕ್ ಎಂದವು, ಸೊಂಟ ಸ್ವಸ್ಥಾನಕ್ಕೆ ಮರಳಿತು. ಮೂರನೇ ಪಂಕ್ತಿಯವರು ಬಂದು ಬಾಗಿಲಲ್ಲಿ ನಿಂತರು. ನೆಲ ಒರೆಸುವವನು ಅವನನ್ನು ಕಂಬವೆಂದು ತಿಳಿದವನಂತೆ ಸುತ್ತ ಒರೆಸಿಕೊಂಡು ಹೋದ. ಕೊನೆಗೆ ಗೋಪೀನಾಥನೇ ಮಜ್ಜಿಗೆಯ ಬಕೆಟ್ಟು ಕೆಳಗಿಟ್ಟು, ಇನ್ನೊಬ್ಬರನ್ನು ಕರೆದು, ಇಬ್ಬರೂ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು.

ಗೋಪೀನಾಥ ಚಕ್ರಪಾಣಿಯ ಹೆಂಡತಿ ಪಂಕಜಳ ತಮ್ಮ. ಬ್ಯಾಂಕಿನ ಕೆಲಸ, ಕಂಚಿನ ಕಂಠ.

"ಏನ್ ಭಾವ, ಇನ್ನೂ ನಲವತ್ತಾಗಿಲ್ಲ, ಆಗಲೇ ನಿಮಗೆ ಕ್ರೇನ್ ತರಿಸಬೇಕಾಯ್ತಲ್ಲ!" ಎಂದ. ಮೂರನೇ ಪಂಕ್ತಿ ಪೂರ್ತಿ ನಕ್ಕಿತು.

ಇಂಥ ಹೊತ್ತಿನಲ್ಲಿ ತಾನೂ ನಕ್ಕು ಕೈ ತೊಳೆಯಲು ಹೋಗುವುದು ಬುದ್ಧಿವಂತರ ಲಕ್ಷಣ. ಚಕ್ರಪಾಣಿ ಪಂಚೆ ಸರಿಮಾಡಿಕೊಂಡು, "ಅದು ಹಳೇ ಪೆಟ್ಟು ಕಣಯ್ಯಾ. ಕಾಲೇಜಲ್ಲಿ ಕುಸ್ತಿ ಮಾಡ್ತಿದ್ದೆ. ಎದುರಾಳಿ ಕಾಲು ಹಿಡಿದು ತಿರುಚಿಬಿಟ್ಟಿದ್ದ" ಎಂದ.

ಗೋಪೀನಾಥ ನಂಬಿದ. ನಂಬದೆ ಇನ್ನೊಂದು ಸಲ ನಕ್ಕಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಕಣ್ಣರಳಿಸಿ, "ಕುಸ್ತಿಪಟು! ಮನೇಲೇ ಇಟ್ಕೊಂಡು ನಮಗೆ ಗೊತ್ತೇ ಇಲ್ಲ! ಭಾವ, ನಮ್ಮ ಬಡಾವಣೆ ಸಂಘದಿಂದ ಗಣೇಶನ ಹಬ್ಬಕ್ಕೆ ವ್ಯಾಯಾಮ ಪ್ರದರ್ಶನ ಇಟ್ಟಿದೀವಿ. ಉದ್ಘಾಟನೆಗೆ ಯಾರನ್ನ ಕರೆಯೋದು ಅಂತ ಒದ್ದಾಡ್ತಿದ್ವಿ. ನೀವೇ ಬಂದು ವೇದಿಕೆ ಮೇಲೆ ಐವತ್ತು ಬಸ್ಕಿ ಹೊಡೆದುಬಿಡಿ. ಹಳೇ ಹುಲಿಗೆ ಐವತ್ತು ಯಾವ ಲೆಕ್ಕ?" ಎಂದ. ಚಕ್ರಪಾಣಿ ಬಾಯಿ ತೆರೆಯುವಷ್ಟರಲ್ಲಿ ಮೂರನೇ ಪಂಕ್ತಿಗೆ ಕಾದು ನಿಂತಿದ್ದ ಸಂಘದ ಕಾರ್ಯದರ್ಶಿ ಕೈಯೆತ್ತಿ ಅನುಮೋದಿಸಿದರು.

ಇದು ಎಪ್ಪತ್ನಾಲ್ಕನೇ ಇಸವಿಯ ಜೂನ್ ತಿಂಗಳ ಮಾತು. ಹಬ್ಬಕ್ಕೆ ಸುಮಾರು ಮೂರು ತಿಂಗಳಿತ್ತು.

ಚಕ್ರಪಾಣಿ ಸರ್ಕಾರಿ ಕಚೇರಿಯೊಂದರ ರವಾನೆ ವಿಭಾಗದ ಗುಮಾಸ್ತ. ಕಚೇರಿಯಲ್ಲಿ ಕುರ್ಚಿ, ರಾಜಾಜಿನಗರದ ಮನೆಯಲ್ಲಿ ಆರಾಮ ಕುರ್ಚಿ, ಇವೆರಡರ ನಡುವೆ ಬಿ.ಟಿ.ಎಸ್. ಬಸ್ಸಿನ ಸೀಟು. ಹದಿನಾರು ವರ್ಷ ಹೀಗೆ ಕೂತು ಕೂತು ಅವನ ಕಾಲುಗಳು ತಮಗೂ ಏನೋ ಕೆಲಸವಿತ್ತೆಂಬುದನ್ನು ಮರೆತಿದ್ದವು. ಆಷಾಢ ಪೂರ್ತಿ ಅವನು ಗೋಪೀನಾಥನಿಗೆ ಹೇಳಬಹುದಾದ ನೆಪಗಳನ್ನು ಹುಡುಕಿದ. ಅಷ್ಟರಲ್ಲಿ ಅಂಚೆಯಲ್ಲಿ ಹಳದಿ ಕರಪತ್ರ ಬಂತು: 'ಉದ್ಘಾಟನೆ: ಮಾಜಿ ಕುಸ್ತಿಪಟು ಶ್ರೀ ಚಕ್ರಪಾಣಿಯವರಿಂದ, ಐವತ್ತು ಬಸ್ಕಿಗಳೊಂದಿಗೆ.'

"ನಿಜ ಹೇಳಿಬಿಡಿ. ನಮ್ಮ ಗೋಪಿ ಏನ್ ಮಾಡ್ತಾನೆ?" ಎಂದಳು ಪಂಕಜಾ.

"ಜೀವನ ಪೂರ್ತಿ ನಗ್ತಾನೆ ಕಣೇ. ನಿನ್ನ ತಮ್ಮನ ನಗು ನಿನಗೆ ಗೊತ್ತಿಲ್ವಾ? ನಾನು ಕಾಲು ಗಟ್ಟಿ ಮಾಡ್ಕೋತೀನಿ. ನೀನು ಮಾತ್ರ ಯಾರ ಹತ್ರಾನೂ ಬಾಯಿ ಬಿಡಬಾರದು. ಅದರಲ್ಲೂ ಪಕ್ಕದ ಮನೆ ಪುಟ್ಟಲಕ್ಷ್ಮಮ್ಮ ಇದಾರಲ್ಲ, ಭಜನೆ ದಿನ ನಿಮ್ಮಮ್ಮ ಅವರಿಗೆ ಸಿಕ್ತಾರೆ. ಆಣೆ ಮಾಡು."

ಪಂಕಜಾ ಆಣೆ ಮಾಡಿದಳು. ಅದನ್ನು ಅವಳು ಉಳಿಸಿಕೊಂಡದ್ದೇ ಮುಂದಿನ ಅನಾಹುತಕ್ಕೆಲ್ಲ ಮೂಲ.

ಮರುದಿನ ಬೆಳಿಗ್ಗೆ ಚಕ್ರಪಾಣಿ ಚೀಲದಲ್ಲಿ ಟವೆಲ್ ಇಟ್ಟುಕೊಂಡು, ಹಾಲು ತರುವವನಂತೆ ನಟಿಸುತ್ತ ಕುರುಬರಹಳ್ಳಿಗೆ ನಡೆದ. ಅಲ್ಲಿ ದೊಡ್ಡಣ್ಣನ ಗರಡಿಯಿತ್ತು. ದೊಡ್ಡಣ್ಣ ಒಂದು ಕಾಲದ ಪೈಲ್ವಾನ. ಹೊಲವೆಲ್ಲ ಬಡಾವಣೆಗೆ ಹೋಗಿ, ಉಳಿದದ್ದು ಒಂದು ಕುರಿದೊಡ್ಡಿ, ಅದಕ್ಕೆ ಅಂಟಿಕೊಂಡ ಈ ಹೆಂಚಿನ ಕೋಣೆ, ಮತ್ತು ಮೀಸೆ. ಗೂಡಿನಲ್ಲಿ ಹನುಮಂತನ ಪಟ, ನೆಲದಲ್ಲಿ ಕೆಮ್ಮಣ್ಣಿನ ಅಖಾಡ. ಸಾಮಾನು ಎಂದರೆ ಒಂದು ಗದೆ, ಅದನ್ನು ಸದಾ ಯಾರಾದರೂ ತಿರುಗಿಸುತ್ತಿದ್ದರು. ಒಂದೇ ಒಂದು ಡಂಬೆಲ್. ಅದರ ಜೋಡಿ ಕುರಿದೊಡ್ಡಿಯ ಬಾಗಿಲು ಗಾಳಿಗೆ ತೆರೆದುಕೊಳ್ಳದಂತೆ ಒತ್ತಾಗಿ ಕೂತಿತ್ತು.

"ಕಾಲಿಗೆ ಏನಿದೆ ದೊಡ್ಡಣ್ಣ?" ಎಂದು ಚಕ್ರಪಾಣಿ ಸುತ್ತ ನೋಡಿದ.

"ಕಾಲಿಗೆ ಸಾಮಾನು ಯಾಕೆ ಸೋಮಿ? ಕೆಳಗೆ ಭೂಮಿ ಐತೆ, ಮೇಲೆ ನೀವಿದೀರಿ. ಕೂತ್ಕಳಿ, ಏಳಿ."

ಚಕ್ರಪಾಣಿ ಕೂತ, ಎದ್ದ. ಕೂತ, ಎದ್ದ. ಮೂರನೆಯದಕ್ಕೆ ಕೂತ. ದೊಡ್ಡಣ್ಣ ಸ್ವಲ್ಪ ಹೊತ್ತು ಕಾದು ನೋಡಿ, "ಇವತ್ತಿಗೆ ಸಾಕು" ಎಂದು ಕೈಕೊಟ್ಟು ಎಬ್ಬಿಸಿದ.

ಆದರೆ ಮನುಷ್ಯ ಮರುದಿನವೂ ಬಂದ. ಅದರ ಮರುದಿನವೂ. ಬೆಳಿಗ್ಗೆ ಟಾಯ್ಲೆಟ್ಟಿನಲ್ಲಿ ಕೂತವನು ಏಳಲು ಬಾಗಿಲ ಚಿಲಕವನ್ನು ಹಿಡಿದು ಜೋತುಬಿದ್ದ, ಬಸ್ಸಿನ ಮೆಟ್ಟಿಲನ್ನು ಕಂಡು ಕಣ್ಣೀರಿಟ್ಟ, ಆದರೂ ಬಂದ. ಇಪ್ಪತ್ತು ದಿನದಲ್ಲಿ ಇಪ್ಪತ್ತು ಬಸ್ಕಿಯಾಯಿತು. ಇನ್ನು ಬರಿಮೈಗೆ ಕಾಲು ಬಲಿಯುವುದಿಲ್ಲವೆಂದು ದೊಡ್ಡಣ್ಣ ದೊಡ್ಡಿಗೆ ಹೋಗಿ ಒಂದು ಕರಿಯ ಕುರಿಮರಿಯನ್ನು ತಂದು ಅವನ ಹೆಗಲ ಮೇಲಿಟ್ಟ.

"ಇವಳ ಹೆಸರು ಜಲಜಾ. ತಬ್ಬಲಿ ಮರಿ. ದಿನಾ ಒಂದೀಟು ಬೆಳೀತಾಳೆ, ದಿನಾ ನಿಮ್ಮ ತೂಕನೂ ಒಂದೀಟು ಏರ್ತದೆ. ಪಟ್ಟಣದ ಜಿಮ್ಮಲ್ಲಿ ಇಂಥ ಸಾಮಾನು ಐತಾ, ಕೇಳಿ ನೋಡಿ!"

ಜಲಜಾ ಅವನ ಕಿವಿ ಮೂಸಿ ಒಪ್ಪಿಗೆ ಕೊಟ್ಟಳು. ಮಡಿಹುಡಿಯ ಮನೆಯಲ್ಲಿ ಕುರಿಯ ಸುದ್ದಿ ಎತ್ತುವುದು ಬೇಡವೆಂದು ಚಕ್ರಪಾಣಿ ಇದೊಂದನ್ನು ಪಂಕಜಳಿಗೂ ಹೇಳಲಿಲ್ಲ.

ಗರಡಿಯ ಜೊತೆಗೆ ಮನೆಪಾಠವೂ ಇತ್ತು. ಸಂಜೆ ಹಿತ್ತಲಲ್ಲಿ ನಲವತ್ತು ಬಸ್ಕಿ, ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಎರಡು ನಿಮಿಷ ಕೂರುವುದು, ಆಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು. ಉಸಿರು ಬಿಡುವುದು ಮತ್ತು ಎಣಿಸುವುದು ಎರಡೂ ಒಟ್ಟಿಗೆ ಆಗದ ಕಾರಣ ಪಂಕಜಾ ಅಕ್ಕಿ ಆರಿಸುತ್ತ ಎದುರಿಗೆ ಕೂತು ಎಣಿಸುತ್ತಿದ್ದಳು.

"ಮೂವತ್ತೊಂದು... ಮೂವತ್ತೆರಡು... ಅರ್ಧಕ್ಕೇ ಎದ್ರಲ್ಲ, ಅದು ಲೆಕ್ಕಕ್ಕಿಲ್ಲ. ಮತ್ತೆ ಮೂವತ್ತೆರಡು..."

ಪಕ್ಕದ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಪುಟ್ಟಲಕ್ಷ್ಮಮ್ಮನ ಕೈಯಿಂದ ಸೀರೆ ಜಾರಿತು. ಮೋಟುಗೋಡೆಯಾಚೆ ಗಂಡಸು ಬಸ್ಕಿ ಹೊಡೆಯುತ್ತಿದ್ದಾನೆ, ಹೆಂಡತಿ ಕೂತು ಎಣಿಸುತ್ತಿದ್ದಾಳೆ! ಆಕೆ ಸೀರೆಯನ್ನು ಅಲ್ಲಿಯೇ ಬಿಟ್ಟು ಒಳಗೆ ಓಡಿ ಗಂಡನನ್ನು ಕರೆತಂದರು.

ಗಂಡ ವೆಂಕಟಗಿರಿ ಮೇಷ್ಟ್ರು ಮೂವತ್ನಾಲ್ಕು ವರ್ಷ ಮಿಡ್ಲ್‌ಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಗೋಡೆಯ ಮೇಲೆ ಕನ್ನಡಕವನ್ನಷ್ಟೇ ಕಾಣಿಸಿ ಅವರು ನೋಡಿದರು.

"ಬಸ್ಕಿ. ಇದು ಸಣ್ಣ ತಪ್ಪಿಗೆ. ಹೋಂವರ್ಕ್ ತರದಿದ್ದವರಿಗೆ ಕೊಡ್ತಿದ್ದೆ" ಎಂದು ಹೆಂಡತಿಗೆ ಪಿಸುಗುಟ್ಟಿದರು.

ಅಷ್ಟರಲ್ಲಿ ಚಕ್ರಪಾಣಿ ಗೋಡೆಗೆ ಒರಗಿ ಇಲ್ಲದ ಕುರ್ಚಿಯಲ್ಲಿ ಕೂತ. ಮೇಷ್ಟ್ರ ಹುಬ್ಬು ಮೇಲೇರಿತು. "ಗೋಡೆ ಕುರ್ಚಿ! ಇದು ಕಾಪಿ ಹೊಡೆದವರಿಗೆ."

ಒಂಟಿ ಕಾಲಲ್ಲಿ ನಿಂತ. "ಸುಳ್ಳು ಹೇಳಿದವರಿಗೆ."

ಕಡೆಯಲ್ಲಿ ಚಕ್ರಪಾಣಿ, ಮನೆಯಲ್ಲಿ ಕುರಿಮರಿ ಇಲ್ಲವಾಗಿ, ಒರಳಿನ ಗುಂಡುಕಲ್ಲನ್ನೇ ಹೆಗಲಿಗೇರಿಸಿ ಬಸ್ಕಿ ಶುರುಮಾಡಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಕಲ್ಲು ಹೊರಿಸೋದು ನನ್ನ ಸರ್ವಿಸ್ಸಿನಲ್ಲೇ ಎರಡು ಸಲ ಕಣೇ. ಈ ಮನುಷ್ಯ ಏನೋ ಭಾರೀ ಕೆಲಸಾನೇ ಮಾಡಿದಾನೆ."

ಮರುದಿನ ಪುಟ್ಟಲಕ್ಷ್ಮಮ್ಮ ಕರಿಬೇವು ಕೇಳುವ ನೆಪದಲ್ಲಿ ಬಂದರು. "ಅಲ್ವೇ ಪಂಕಜಾ, ಇನ್ನೂ ಎಷ್ಟು ದಿನ ಇದೆಲ್ಲ?"

ಪಂಕಜಾಗೆ ಆಣೆ ನೆನಪಾಯಿತು. ಸುಳ್ಳು ಹೇಳುವ ಅಭ್ಯಾಸವೂ ಇರಲಿಲ್ಲ. "ಗಣೇಶನ ಹಬ್ಬದ ತನಕ" ಎಂದಳು.

"ಅವರಾಗೇ ಒಪ್ಪಿಕೊಂಡ್ರಾ?"

"ಅವರೇ ಒಪ್ಪಿಕೊಂಡಿದ್ದು. ನಾನೇನೂ ಬಲವಂತ ಮಾಡಲಿಲ್ಲ. ಕಾರಣ ಮಾತ್ರ ಕೇಳಬೇಡಿ ಪುಟ್ಟಲಕ್ಷ್ಮಮ್ಮ, ಆಣೆ ಇದೆ. ದಯವಿಟ್ಟು ಯಾರಿಗೂ ಹೇಳಬೇಡಿ."

ಯಾರಿಗೂ ಹೇಳಬೇಡಿ ಎಂದದ್ದರಿಂದ ಸುದ್ದಿ ಬೀದಿಯ ಮೂಲೆ ತಲುಪಲು ಎರಡು ದಿನ ಹಿಡಿಯಿತು. ಇಲ್ಲದಿದ್ದರೆ ಒಂದೇ ದಿನ ಸಾಕಿತ್ತು. ಪಂಕಜಾಗೆ ಆ ವಾರದಿಂದ ಸಿಗತೊಡಗಿದ ಮರ್ಯಾದೆ ವಿಚಿತ್ರವಾಗಿತ್ತು. ಸೀಮೆಎಣ್ಣೆಯ ಸಾಲಿನಲ್ಲಿ ಹೆಂಗಸರು ಅವಳನ್ನು ಮುಂದೆ ಬಿಟ್ಟರು. ಕೊನೆಯ ಮನೆಯ ಶಿವಕ್ಕ ಸಂಪಿಗೆ ಹೂ ಕೊಟ್ಟು, "ನಮ್ಮನೆಯವರು ಒಂದು ಲೋಟ ಕೂಡ ಎತ್ತಿಡಲ್ಲ ಕಣಮ್ಮಾ. ನೀನು ಮೊದಲು ಎಲ್ಲಿಂದ ಶುರುಮಾಡಿದೆ? ನೇರ ಕಲ್ಲಿಂದಾನಾ?" ಎಂದು ಕಿವಿಯಲ್ಲಿ ಕೇಳಿದಳು. ಇತ್ತ ಬಸ್‌ಸ್ಟಾಪಿನಲ್ಲಿ ಗಂಡಸರು ಚಕ್ರಪಾಣಿಯ ಬೆನ್ನು ತಟ್ಟಿ, "ಧೈರ್ಯವಾಗಿರಿ ಸಾರ್" ಎಂದರು. ಒಬ್ಬಾತ, "ನಿಮ್ಮಿಂದ ನಮ್ಮ ಮನೇಲೂ ಮಾತು ಶುರುವಾಗಿದೆ. ಆದಷ್ಟು ಬೇಗ ಮುಗಿಸ್ಕೊಳ್ಳಿ" ಎಂದು ಕೈಮುಗಿದ. ಬಸ್ಕಿಯ ಸುಸ್ತಿನಲ್ಲಿದ್ದ ಚಕ್ರಪಾಣಿಗೆ ಇದೆಲ್ಲ ಹಬ್ಬದ ಹಾರೈಕೆಯಂತೆಯೇ ಕೇಳಿಸಿತು.

ವಿಷಯ ತಿಳಿದದ್ದು ಕಚೇರಿಯಲ್ಲಿ. ಸೂಪರಿಂಟೆಂಡೆಂಟ್ ಬಸವಲಿಂಗಪ್ಪನವರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಅವರು ನಿಯಮಗಳ ಮನುಷ್ಯ. ಕೆಮ್ಮುವುದಕ್ಕೂ ಮುಂಚೆ ಒಂದು ಕ್ಷಣ ಯೋಚಿಸುತ್ತಿದ್ದರು.

"ಚಕ್ರಪಾಣಿಯವರೇ, ನೀವು ಮನೆಯಲ್ಲಿ ಶಿಕ್ಷೆ ಅನುಭವಿಸ್ತಾ ಇದೀರಿ ಅಂತ ಕೇಳಿಬಂತು."

"ಶಿಕ್ಷೆಯಾ ಸಾರ್?"

"ಮುಚ್ಚಿಡಬೇಡಿ. ನಿಮ್ಮ ಬೀದಿಯ ಇಬ್ಬರು ನಮ್ಮ ಕಚೇರಿಯಲ್ಲೇ ಇದಾರೆ. ಬಸ್ಕಿ, ಗೋಡೆ ಕುರ್ಚಿ, ಕಲ್ಲು. ಒಂದು ತಪ್ಪಿಗೆ ಎರಡು ಶಿಕ್ಷೆ ಆಗಕೂಡದು ಅನ್ನೋದು ನಿಯಮ. ನೀವು ಅಲ್ಲಿ ಅನುಭವಿಸ್ತಾ ಇರೋದರಿಂದ ನಾನು ಇಲ್ಲಿ ಮೆಮೋ ಕೊಡಲ್ಲ."

"ಆದರೆ ಯಾವ ತಪ್ಪು ಸಾರ್?"

"ಅದನ್ನ ನೀವೇ ಬರೆದು ಕೊಡಬೇಕು. ಕಡತಕ್ಕೆ ಬೇಕು. ಎರಡು ಪ್ರತಿ."

ಚಕ್ರಪಾಣಿ ತತ್ತರಿಸಿ ಹೊರಬಂದ. ಬಸ್‌ಸ್ಟಾಪಿನ ಬೆನ್ನು ತಟ್ಟುಗಳೆಲ್ಲ ಒಮ್ಮೆಗೇ ಅರ್ಥವಾದವು. ನಿಜ ಹೇಳಿದರೆ ಗೋಪೀನಾಥನ ಕೈಗೆ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ಪಾಪ ಪಂಕಜಾ ಗಂಡನಿಗೆ ಕಲ್ಲು ಹೊರಿಸಿದವಳಾಗುತ್ತಾಳೆ. ಏನೂ ತೋಚದೆ ಅವನು ಮೂರು ದಿನ ಗರಡಿಗೂ ಹೋಗಲಿಲ್ಲ, ಹಿತ್ತಲಿಗೂ ಹೋಗಲಿಲ್ಲ. ಅದೂ ತಪ್ಪಾಯಿತು. ಶಿಕ್ಷೆ ಇದ್ದಕ್ಕಿದ್ದಂತೆ ನಿಂತದ್ದನ್ನು ಮೊದಲ ಸಂಜೆಯೇ ಕಂಡ ಮೇಷ್ಟ್ರು, ಸಂಸಾರ ಮುರಿದು ಬೀಳುವ ಹಂತಕ್ಕೆ ಬಂದಿದೆಯೆಂದು ನಿರ್ಧರಿಸಿ, ಪಂಕಜಳ ತವರಿಗೆ ಇನ್‌ಲ್ಯಾಂಡ್ ಕಾಗದ ಬರೆದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆಟೋದಿಂದ ಗೋಪೀನಾಥನೂ ಅವನ ತಾಯಿ ಯಶೋದಮ್ಮನವರೂ ಇಳಿದರು. ಹಿಂದೆಯೇ ಮೇಷ್ಟ್ರು, ಪುಟ್ಟಲಕ್ಷ್ಮಮ್ಮ. ನಡುಮನೆಯಲ್ಲಿ ಚಾಪೆ ಹಾಸಿದ್ದಾಯಿತು.

ಯಶೋದಮ್ಮ ಕಣ್ಣೊರೆಸಿಕೊಂಡು ಮಗಳಿಗೆ, "ಗಂಡನ ತಲೆಮೇಲೆ ಕಲ್ಲು ಹೊರಿಸೋದನ್ನ ನಾನು ನಿನಗೆ ಕಲಿಸಿದ್ನೇನೇ?" ಎಂದರು.

"ತಲೆ ಮೇಲಲ್ಲಮ್ಮಾ, ಹೆಗಲ ಮೇಲೆ" ಎಂದಳು ಪಂಕಜಾ.

"ಕಾರಣ ಇಲ್ಲದೆ ಯಾರೂ ಕಲ್ಲು ಹೊರಿಸಲ್ಲ ಯಶೋದಮ್ಮನೋರೇ" ಎಂದು ಮೇಷ್ಟ್ರು ಅನುಭವದಿಂದ ನುಡಿದರು. "ಚಕ್ರಪಾಣಿ, ಹೇಳಿಬಿಡಿ. ಏನ್ ಮಾಡಿದ್ರಿ?"

ಚಕ್ರಪಾಣಿ ಬಾಯಿ ತೆರೆದ. ಆಗ ಬಾಗಿಲಲ್ಲಿ ಬೆಳಕು ಮರೆಯಾಯಿತು. ಮೀಸೆಯೊಂದು ಒಳಗೆ ಬಂತು, ಅದರ ಹಿಂದೆ ದೊಡ್ಡಣ್ಣ.

"ಚಕ್ರಪಾಣಪ್ಪೋರ ಮನೆ ಇದೇ ಅಲ್ವಾ? ನಾನು ಕುರುಬರಹಳ್ಳಿ ದೊಡ್ಡಣ್ಣ. ಮೂರು ದಿನದಿಂದ ಇವರು ತಲೆ ಮರೆಸ್ಕಂಡವ್ರೆ. ಅಲ್ಲಿ ಜಲಜಾ ಏನೂ ಮುಟ್ತಾ ಇಲ್ಲ. ಬಾಗಿಲನ್ನೇ ನೋಡ್ಕಂಡು ಕೂತವ್ಳೆ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ಯಾರಪ್ಪಾ ಜಲಜಾ?" ಎಂದು ಯಶೋದಮ್ಮ ಸಣ್ಣ ದನಿಯಲ್ಲಿ ಕೇಳಿದರು.

"ನಮ್ಮನೇಲೇ ಹುಟ್ಟಿದವಳು ತಾಯಿ. ಹೆತ್ತವ್ವ ಹೋದ ಮ್ಯಾಲೆ ನಾನೇ ಸಾಕಿದ್ದು. ಇವರನ್ನ ಕಂಡ್ರೆ ಪ್ರಾಣ. ದಿನಾ ಬೆಳಿಗ್ಗೆ ಇವರ ಹೆಗಲ ಮ್ಯಾಲೇ ಇರ್ತಿದ್ಲು. ಈಗ ಬೇರೆಯವರು ಮುಟ್ಟಕ್ಕೆ ಹೋದ್ರೆ ಒದೀತಾಳೆ."

ಪಂಕಜಾ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಅದಕ್ಕೇ ನಿಮ್ಮ ಬನೀನಿನ ಮೇಲೆ ದಿನಾ ಕಪ್ಪು ಕೂದಲು. ಗುಂಗುರು ಕೂದಲು!"

"ಪಂಕೂ, ಅದು..."

"ಮಾತಾಡಬೇಡಿ ನೀವು!"

ಗೋಪೀನಾಥ ಎದ್ದು ನಿಂತ. "ಆಕೆಗೆ ವಯಸ್ಸೆಷ್ಟು?"

"ಬರೋ ಅಮಾಸೆಗೆ ನಾಕು ತಿಂಗಳು ತುಂಬ್ತದೆ" ಎಂದ ದೊಡ್ಡಣ್ಣ.

"ನಾಲ್ಕು ತಿಂಗಳು ತುಂಬುತ್ತಾ!" ಎಂದು ಪುಟ್ಟಲಕ್ಷ್ಮಮ್ಮ ಬಾಯಿಗೆ ಸೆರಗು ಹಿಡಿದರು. ಯಶೋದಮ್ಮ ಗೋಡೆಗೆ ಒರಗಿಬಿಟ್ಟರು. ಮೇಷ್ಟ್ರು ಚಕ್ರಪಾಣಿಯನ್ನು ನೋಡಿದ ನೋಟದಲ್ಲಿ, ಈ ತಪ್ಪಿಗೆ ತಕ್ಕ ಶಿಕ್ಷೆ ಶಿಕ್ಷಣ ಇಲಾಖೆಯಲ್ಲೇ ಇಲ್ಲವೆಂಬ ಹತಾಶೆಯಿತ್ತು.

ಆಗ ಗೇಟಿನ ಹತ್ತಿರದಿಂದ ದೀರ್ಘವಾಗಿ "ಮ್ಯಾ..." ಎಂದು ಕೇಳಿಸಿತು.

"ನೋಡಿ, ಬಂದವ್ಳೆ. ಕರ್ಕಂಡೇ ಬಂದೆ" ಎಂದ ದೊಡ್ಡಣ್ಣ ಹೆಮ್ಮೆಯಿಂದ.

ಎಲ್ಲರೂ ಹೊರಗೆ ಬಂದರು. ಗೇಟಿಗೆ ಕಟ್ಟಿದ್ದ ಕರಿಯ ಕುರಿಮರಿ ಚಕ್ರಪಾಣಿಯನ್ನು ಕಂಡದ್ದೇ ಹಗ್ಗ ಜಗ್ಗಿ ಕುಣಿಯಿತು. ಪಂಕಜಾ ಅದರ ಮೈಮೇಲಿನ ಗುಂಗುರು ಕೂದಲನ್ನು ನೋಡಿದಳು, ಗಂಡನ ಮುಖ ನೋಡಿದಳು, ಮೆಟ್ಟಿಲ ಮೇಲೆ ಕೂತು ನಗತೊಡಗಿದಳು. ನಗು ನಿಲ್ಲುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಅದರಲ್ಲಿ ಎಷ್ಟು ನಗುವಿನದೆಂದು ಅವಳೂ ಹೇಳಲಿಲ್ಲ, ಚಕ್ರಪಾಣಿಯೂ ಕೇಳಲಿಲ್ಲ.

"ಏನಿದೆಲ್ಲ ಭಾವ?" ಎಂದ ಗೋಪೀನಾಥ.

"ಬಸ್ಕಿ ಕಲೀತಿದಾರೆ" ಎಂದು ದೊಡ್ಡಣ್ಣನೇ ಹೇಳಿದ. "ಬಂದ ದಿನ ಮೂರಕ್ಕೇ ಕೂತುಬಿಟ್ರು. ಈಗ ಮರಿ ಹೊತ್ಕಂಡು ಮೂವತ್ತೈದು ಹೊಡೀತಾರೆ."

"ಮತ್ತೆ ಕಾಲೇಜಲ್ಲಿ ಕುಸ್ತಿ ಅಂದ್ರಲ್ಲ?"

ಪಂಕಜಳ ಒದ್ದೆ ಕಣ್ಣುಗಳನ್ನು ಒಮ್ಮೆ ನೋಡಿ ಚಕ್ರಪಾಣಿ ತೀರ್ಮಾನಿಸಿದ. "ಕಾಲೇಜಲ್ಲಿ ನಾನು ಕೇರಂ ಆಡ್ತಿದ್ದೆ ಗೋಪಿ. ಅದರಲ್ಲೂ ಸೆಮಿಫೈನಲ್ ತನಕಾನೇ."

ಗೋಪೀನಾಥ ನಕ್ಕ. ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುವಷ್ಟು ನಕ್ಕ. ಎರಡು ತಿಂಗಳಿಂದ ಅವನು ಹೆದರಿದ್ದ ಆ ನಗು ಕೊನೆಗೂ ಬಂದೇ ಬಂತು, ಆದರೆ ಅದರಿಂದ ಚಕ್ರಪಾಣಿಗೆ ಎಲ್ಲಿಯೂ ನೋವಾಗಲಿಲ್ಲ. ಅವನೂ ಸೇರಿ ನಕ್ಕ. ಆಮೇಲೆ ಗೋಪೀನಾಥನಿಗೇ ಚಿಂತೆ ಹತ್ತಿತು: "ಅಲ್ಲ ಭಾವ, ಐನೂರು ಕರಪತ್ರ ಹಂಚಿಯಾಗಿದೆಯಲ್ಲ, ಮಾಜಿ ಕುಸ್ತಿಪಟು ಅಂತ?"

"ಮಾಜಿ ಅನ್ನೋದನ್ನ ಹೊಡೆದು ಹಾಕಿ. ಇನ್ನೂ ನಾಲ್ಕು ವಾರ ಐತೆ" ಎಂದ ದೊಡ್ಡಣ್ಣ.

ಯಶೋದಮ್ಮ ಕುರಿಮರಿಗೆ ಬಾಳೆಹಣ್ಣು ತಿನ್ನಿಸುತ್ತ ಅಳಿಯನನ್ನು ಕ್ಷಮಿಸಿದರು. ಪುಟ್ಟಲಕ್ಷ್ಮಮ್ಮ, ತಾವು ಮೊದಲ ದಿನವೇ ಇದು ವ್ಯಾಯಾಮ ಎಂದಿದ್ದುದಾಗಿಯೂ, ತಮ್ಮ ಯಜಮಾನರೇ ಕೇಳಲಿಲ್ಲವೆಂದೂ ಬೀದಿಗೆಲ್ಲ ತಿಳಿಸಿಬಂದರು. ಶಿವಕ್ಕ ಮಾತ್ರ ನಂಬಲಿಲ್ಲ. ಕಲಿತ ವಿದ್ಯೆ ಯಾಕೆ ಬಿಡಬೇಕೆಂದು ಅವಳು ಆಗಲೇ ಮನೆಯಲ್ಲಿ ಶುರುಮಾಡಿಬಿಟ್ಟಿದ್ದಳು.

ಹಬ್ಬದ ದಿನ ವಿಜಯನಗರದ ವೇದಿಕೆಯ ಮೇಲೆ ಚಕ್ರಪಾಣಿ ಜಲಜಾಳನ್ನು ಹೆಗಲಿಗೇರಿಸಿ ನಿಂತ. ಪಂಕಜಾ ಮೈಕಿನಲ್ಲಿ ಎಣಿಸಿದಳು. ಅರ್ಧಕ್ಕೆ ಎದ್ದ ಎರಡು ಬಸ್ಕಿಗಳನ್ನು ಇಡೀ ಬಡಾವಣೆಗೆ ಕೇಳುವಂತೆ ಲೆಕ್ಕದಿಂದ ತೆಗೆದುಹಾಕಿದಳು. ನಲವತ್ತೇಳಕ್ಕೆ ಅವನ ತೊಡೆ ಎಲೆಯಂತೆ ನಡುಗಿತು, ನಲವತ್ತೊಂಬತ್ತಕ್ಕೆ ಜಲಜಾ ಮೈಕನ್ನು ನೆಕ್ಕಿದಳು, ಐವತ್ತಕ್ಕೆ ಗಣೇಶನ ಮುಂದಿನ ವಾದ್ಯದವರು ಯಾರೂ ಹೇಳದೆಯೇ ಬಾರಿಸತೊಡಗಿದರು. ಬಸವಲಿಂಗಪ್ಪನವರು ಮುಂದಿನ ಸಾಲಿನಿಂದ ಬಂದು ಕೈಕುಲುಕಿ, ತಪ್ಪೊಪ್ಪಿಗೆಯ ಎರಡು ಪ್ರತಿ ಇನ್ನೂ ಬಂದಿಲ್ಲವೆಂದು ಮೆಲ್ಲಗೆ ನೆನಪಿಸಿದರು.

ಹಬ್ಬದ ಮರುದಿನ ಬೆಳಿಗ್ಗೆ ಚಕ್ರಪಾಣಿ ಗರಡಿಗೆ ಹೋದಾಗ ವೆಂಕಟಗಿರಿ ಮೇಷ್ಟ್ರು ಆಗಲೇ ಅಲ್ಲಿ ಖಾಕಿ ಚಡ್ಡಿ ಹಾಕಿಕೊಂಡು ನಿಂತಿದ್ದರು. ಮಂಡಿ ಹಿಡಿದುಕೊಂಡಿದೆ, ಅದಕ್ಕೇ ಬಂದೆ ಎಂದರು. ದೊಡ್ಡಣ್ಣ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಶುರು ಮಾಡಿ ಎಂದ. ಮೇಷ್ಟ್ರು ಕೈಗಳನ್ನು ಎದೆಯ ಮೇಲೆ ಅಡ್ಡಹಾಕಿ, ಬಲಗೈಯಿಂದ ಎಡಕಿವಿ, ಎಡಗೈಯಿಂದ ಬಲಕಿವಿ ಹಿಡಿದು ಮೊದಲ ಬಸ್ಕಿ ಹಾಕಿದರು.

"ಮೇಷ್ಟ್ರೇ, ಕಿವಿ ಬಿಡಿ. ಇದು ಇಸ್ಕೂಲಲ್ಲ" ಎಂದು ದೊಡ್ಡಣ್ಣ ನಕ್ಕ.

ಮೇಷ್ಟ್ರು ಕಿವಿ ಬಿಡಲಿಲ್ಲ.

"ಇರಲಿ ಬಿಡಪ್ಪಾ" ಎಂದರು, ಏದುಸಿರು ಬಿಡುತ್ತ. "ಎಷ್ಟು ಮಕ್ಕಳ ಕೈಲಿ ಮಾಡಿಸಿದೀನೋ. ನನ್ನ ಕಡೆಯಿಂದಲೂ ಒಂದಷ್ಟು ಆಗಲಿ."

ಚಕ್ರಪಾಣಿ ಅವರ ಪಕ್ಕದಲ್ಲಿ ನಿಂತು, ಅವರಿಗೆ ಉಸಿರು ಉಳಿಯಲೆಂದು, ತಾನೇ ಜೋರಾಗಿ ಎಣಿಸತೊಡಗಿದ.